ಜೆಪೆಗ್ ಲೋಗೊವನ್ನು ಪಿಎನ್‌ಜಿ ಮಾಡಿದರೂ ಬೂದು ಕಲೆ ಯಾಕೆ ಹೋಗಲಿಲ್ಲ?

ಮಲ್ಪೆಯಲ್ಲಿ ನಮ್ಮ ದೊಡ್ಡಮ್ಮನ ಹೋಂಸ್ಟೇಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಕಡಲಿನ ಫೋಟೊಗಳು, ಕನ್ನಡದಲ್ಲಿ ಬರೆದ ಲೋಗೊ, ಉಡುಪಿಯಿಂದ ಬರುವ ದಾರಿಯ ನಕ್ಷೆ, ಇಷ್ಟೇ ಚಿತ್ರಗಳು. ಯಾವುದಕ್ಕೆ ಯಾವ ಫಾರ್ಮ್ಯಾಟ್ (ಜೆಪೆಗ್, ಪಿಎನ್‌ಜಿಯಂಥ ಚಿತ್ರದ ಫೈಲ್ ಬಗೆ) ಅನ್ನುವುದರಲ್ಲೇ ಎರಡು ದಿನ ಹೋಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಫೋಟೊಗೆ ಜೆಪೆಗ್. ಮೊದಲು ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಸೇವ್ ಮಾಡುವಾಗ ಕ್ವಾಲಿಟಿ 80ರ ಆಸುಪಾಸು ಇಡಿ. ಸಾಕು.

ನಾನು ಸಿಕ್ಕಿಬಿದ್ದದ್ದು ಲೋಗೊದಲ್ಲಿ. ಕೈಗೆ ಬಂದದ್ದು ಜೆಪೆಗ್. ಒತ್ತಕ್ಷರಗಳ ಸುತ್ತ ಬೂದು ಕಲೆ. ‘ಅಕ್ಷರ ಇದ್ದರೆ ಪಿಎನ್‌ಜಿ’ ಎಂದು ಓದಿದ್ದೆ, ಅದನ್ನೇ ಪಿಎನ್‌ಜಿಯಾಗಿ ಸೇವ್ ಮಾಡಿದೆ. ಕಲೆ ಹಾಗೇ ಇತ್ತು. ಪಾರದರ್ಶಕವಾಗುತ್ತದೆ ಅಂದುಕೊಂಡಿದ್ದ ಬಿಳಿ ಹಿನ್ನೆಲೆಯೂ ಹೋಗಲಿಲ್ಲ. ಫೈಲ್ ಮಾತ್ರ ದೊಡ್ಡದಾಯಿತು!

ಕಾರಣ ಇದು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲೂ ಕಣ್ಣು ಅಷ್ಟಾಗಿ ಗಮನಿಸದ, ಬೆಳಕು-ಬಣ್ಣದ ಸಣ್ಣ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ಮರಳು, ಅಲೆ, ಆಕಾಶದಲ್ಲಿ ಅದು ಗೊತ್ತೇ ಆಗುವುದಿಲ್ಲ. ಅಕ್ಷರದ ಅಂಚು ಹಾಗಲ್ಲ, ಅಲ್ವಾ? ಕಪ್ಪು ಮುಗಿದ ತಕ್ಷಣ ಬಿಳಿ ಶುರುವಾಗಬೇಕು. ಅಷ್ಟು ಚೂಪಾದ ಅಂಚಿಗೆ ಆ ಸಣ್ಣ ಏರಿಳಿತಗಳೇ ಬೇಕು. ಅವು ಇಲ್ಲದಿದ್ದರೆ ಸುತ್ತ ಕಲೆ ಏಳುತ್ತದೆ.

ಪಿಎನ್‌ಜಿ ಏನನ್ನೂ ಬಿಡುವುದಿಲ್ಲ, ನಿಜ. ಆದರೆ ಬಿಟ್ಟುಹೋದದ್ದನ್ನು ಅದು ತರುವುದೂ ಇಲ್ಲ. ಹಾಲು ಹಿಂಡಿದ ಕಾಯಿತುರಿಯನ್ನು ಬೇರೆ ಪಾತ್ರೆಗೆ ಹಾಕಿದರೆ ಹಾಲು ವಾಪಸ್ ಬರುತ್ತದೆಯೇ? ಕಲೆಯನ್ನೂ ಪಿಎನ್‌ಜಿ ಚಿತ್ರವೆಂದೇ ತಿಳಿದು ಒಂದೊಂದು ಪಿಕ್ಸೆಲ್ ಜೋಪಾನ ಮಾಡುತ್ತದೆ. ಒಂದೇ ಬಣ್ಣ ಪಕ್ಕಪಕ್ಕದಲ್ಲಿ ಬಂದರೆ ಪಿಎನ್‌ಜಿ ಚೆನ್ನಾಗಿ ಕುಗ್ಗುತ್ತದೆ. ಕಲೆಯಲ್ಲಿ ಹತ್ತಾರು ಬಗೆಯ ಬೂದು ಇರುವುದರಿಂದ ಫೈಲ್ ಜಾಸ್ತಿಯಾಯಿತು.

ಹಾಗಾಗಿ ಡಿಸೈನ್ ಮಾಡಿದವರ ಹತ್ತಿರ ಮೂಲ ಫೈಲ್ ಕೇಳಿ, ಎಸ್‌ವಿಜಿ ತೆಗೆದುಕೊಂಡೆ. ಅದರಲ್ಲಿ ಇರುವುದು ಪಿಕ್ಸೆಲ್ ಅಲ್ಲ, ಗೆರೆಗಳ ಲೆಕ್ಕ. ಎಷ್ಟು ಹಿಗ್ಗಿಸಿದರೂ ಅಂಚು ಚೂಪು. ಒಂದು ಎಚ್ಚರ: ಕನ್ನಡ ಅಕ್ಷರಗಳನ್ನು ಮೊದಲೇ ಗೆರೆಗಳಾಗಿ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಲೋಗೊ ಬೇರೆಯೇ ಕಾಣುತ್ತದೆ.

ಗೂಗಲ್ 2010ರಲ್ಲಿ ತಂದ ವೆಬ್‌ಪಿ ಎಂಬ ಇನ್ನೊಂದು ಫಾರ್ಮ್ಯಾಟ್ ಈಗಿನ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ತೆರೆಯುತ್ತದೆ. ಫೋಟೊಗಳು ಸಾಮಾನ್ಯವಾಗಿ ಜೆಪೆಗ್‌ಗಿಂತ ಸಣ್ಣದಾಗುತ್ತವೆ. ಅದನ್ನೂ ಮೂಲ ಫೋಟೊದಿಂದಲೇ ಮಾಡಿ, ಒಮ್ಮೆ ಕುಗ್ಗಿಸಿದ ಜೆಪೆಗ್‌ನಿಂದ ಬೇಡ.

ನಕ್ಷೆ ನಾನೇ ಬಿಡಿಸಿದ್ದು, ಆರೇಳು ಬಣ್ಣ ಅಷ್ಟೇ. ಅದನ್ನು ಹೆಚ್ಚೆಂದರೆ 256 ಬಣ್ಣ ಇರುವ ಬಗೆಯ ಪಿಎನ್‌ಜಿಯಾಗಿ ಸೇವ್ ಮಾಡಿದೆ. ಫೈಲ್ ತುಂಬಾ ಇಳಿಯಿತು, ನೋಡಲು ಏನೂ ಬದಲಾಗಲಿಲ್ಲ.