ಧಾರವಾಡದಲ್ಲಿ ಗಣಕ ಕೇಂದ್ರವಿರುವಾಗ ಕಾರವಾರದ ವಿಭಾಗಕ್ಕೆ ತಾಂತ್ರಿಕ ಸಿಬ್ಬಂದಿ ಏಕೆ?

ಓದುಗರ ಪ್ರಶ್ನೆ: ಇ-ಮೇಲ್, ಇಂಟರ್‌ನೆಟ್ ಎಲ್ಲವನ್ನೂ ವಿಶ್ವವಿದ್ಯಾಲಯದ ಮುಖ್ಯ ಆವರಣದಿಂದಲೇ ನೋಡಿಕೊಳ್ಳಬಹುದಾದಾಗ, ದೂರದ ಅಧ್ಯಯನ ವಿಭಾಗಗಳಿಗೆ ಪ್ರತ್ಯೇಕ ತಾಂತ್ರಿಕ ಸಿಬ್ಬಂದಿ ಬೇಕೆ?

ಉತ್ತರ: ಬೇಕು. ಇ-ಮೇಲ್, ಸರ್ವರ್, ಜಾಲಕ್ಕೆ ಕಾವಲಾಗಿರುವ ಫೈರ್‌ವಾಲ್ ಒಂದೇ ಕಡೆ ಇರುವುದು ಸರಿಯೇ. ಅವುಗಳನ್ನು ದೂರದಿಂದ ನಡೆಸಬಹುದು, ಖರ್ಚೂ ಕಡಿಮೆ. ಆದರೆ ವಿಭಾಗದ ಪ್ರಯೋಗಾಲಯಕ್ಕೆ ಕಾಲಿಟ್ಟ ಕೂಡಲೇ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ.

ಕಾರವಾರದ ಕೋಡಿಬಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಇಂಥ ವಿಭಾಗಗಳಲ್ಲಿ ಸೂಕ್ಷ್ಮದರ್ಶಕಕ್ಕೋ ರಾಸಾಯನಿಕ ವಿಶ್ಲೇಷಣೆಯ ಯಂತ್ರಕ್ಕೋ ಜೋಡಿಸಿದ ಕಂಪ್ಯೂಟರು ಅನೇಕ ವೇಳೆ ಯಂತ್ರದಷ್ಟೇ ಹಳೆಯದಾಗಿರುತ್ತದೆ, ಏಕೆಂದರೆ ತಯಾರಕರು ಕೊಟ್ಟ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ನಿಯಮದ ಪುಸ್ತಕ ನೋಡಿದವರು ‘ಹಳೆಯದನ್ನು ತೆಗೆಯಿರಿ’ ಎನ್ನುತ್ತಾರೆ. ತೆಗೆದರೆ ಲಕ್ಷಗಟ್ಟಲೆ ಬೆಲೆಯ, ಇನ್ನೂ ಚೆನ್ನಾಗಿ ನಡೆಯುತ್ತಿರುವ ಯಂತ್ರ ಮೂಲೆ ಸೇರುತ್ತದೆ. ಆ ಕಂಪ್ಯೂಟರನ್ನು ಜಾಲದಿಂದ ಬಿಡಿಸಿ, ದತ್ತಾಂಶವನ್ನು ವೈರಸ್ ತಪಾಸಣೆಯಾದ ಪೆನ್‌ಡ್ರೈವ್ ಮೂಲಕ ಮಾತ್ರ ಹೊರತರುವ ವ್ಯವಸ್ಥೆ ಮಾಡಬೇಕು. ಯಾವ ಕಡತ ಯಾರ ಪಿಎಚ್‌.ಡಿ.ಯದ್ದು, ಯಾವುದನ್ನು ಅಳಿಸಬಾರದು ಎಂಬುದನ್ನು ಬಲ್ಲವರೇ ಈ ಕೆಲಸಕ್ಕೆ ತಕ್ಕವರು.

ಇದರ ಜೊತೆಗೆ ಕರಾವಳಿಯ ಹವೆ. ಉಪ್ಪು ಬೆರೆತ ತೇವಕ್ಕೆ ಕೇಬಲ್ಲಿನ ಲೋಹದ ತುದಿಗಳು ಕಿಲುಬು ಹಿಡಿಯುತ್ತವೆ. ಮಳೆಗಾಲದ ಮುಂಚಿನ ಸಿಡಿಲು ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ತಂತಿಯ ಮೂಲಕ, ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್‌ಗಳನ್ನು ಸುಡಬಲ್ಲದು. ಆ ಜಾಗಕ್ಕೆ ವಿದ್ಯುತ್ ಹರಿಯದ ಆಪ್ಟಿಕಲ್ ಫೈಬರ್ ಹಾಕಿಸುವುದು, ಯುಪಿಎಸ್ ಬ್ಯಾಟರಿಯನ್ನು ಜೂನ್‌ಗೆ ಮೊದಲೇ ಪರೀಕ್ಷಿಸುವುದು, ಸಂಶೋಧನಾ ದತ್ತಾಂಶದ ಒಂದು ಪ್ರತಿಯನ್ನು ಊರಿನಾಚೆ ಇಡುವುದು, ಇವೆಲ್ಲ ಸ್ಥಳದಲ್ಲಿದ್ದವರಿಗೆ ಮಾತ್ರ ಸಕಾಲಕ್ಕೆ ನೆನಪಾಗುವ ಕೆಲಸಗಳು. ಧಾರವಾಡದಿಂದ ಅರಬೈಲ್ ಘಟ್ಟ ಇಳಿದು ಬರುವ ತಂತ್ರಜ್ಞರಿಗೆ 150 ಕಿ.ಮೀ.ಗೂ ಹೆಚ್ಚು ದಾರಿ. ಅಷ್ಟರಲ್ಲಿ ಪ್ರಾಯೋಗಿಕ ಪರೀಕ್ಷೆಯೇ ಮುಗಿದಿರುತ್ತದೆ.

ಶಿರಸಿಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ಅಗತ್ಯವೇ ಬೇರೆ: ಉಪಗ್ರಹ ಚಿತ್ರಗಳನ್ನು ತಾಳಿಕೊಳ್ಳುವ ಮೆಮೊರಿ, ಲೈಸೆನ್ಸ್ ಹಣ ಬೇಡದ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶವನ್ನು ಕಲಿಸಬಲ್ಲ ಸಹಾಯಕರು.

ಪ್ರತಿ ವಿಭಾಗಕ್ಕೂ ಒಬ್ಬರು ಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಆವರಣದ ಎರಡು ಮೂರು ವಿಭಾಗಗಳು ಒಬ್ಬರನ್ನು ಹಂಚಿಕೊಳ್ಳಬಹುದು. ಆದರೆ ವರ್ಷ ವರ್ಷ ಬದಲಾಗುವ ಗುತ್ತಿಗೆ ನೇಮಕದಿಂದ ಪ್ರಯೋಜನ ಕಡಿಮೆ, ಯಂತ್ರಗಳ ಪರಿಚಯವಾಗುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಹುದ್ದೆ ಕೇಳಿ ಪತ್ರ ಬರೆಯುವ ವಿಭಾಗ ಮುಖ್ಯಸ್ಥರು, ಯಾವ ಯಂತ್ರ ಯಾವ ಕಂಪ್ಯೂಟರಿಗೆ ಜೋಡಿಸಿದೆ, ಅದು ನಿಂತರೆ ಯಾರ ಸಂಶೋಧನೆ ನಿಲ್ಲುತ್ತದೆ ಎಂಬ ಪಟ್ಟಿಯನ್ನು ಅದಕ್ಕೆ ಲಗತ್ತಿಸಬೇಕು.