ಮೊದಲ ಲೈಕಿನ ಲೆಕ್ಕಾಚಾರ

ಈಗ ಯಾರು ಬೇಕಾದರೂ ತಮ್ಮ ಅಭಿಪ್ರಾಯವನ್ನು ಅಂತರ್ಜಾಲದಲ್ಲಿ ಬರೆಯಬಹುದು, ಆದ್ದರಿಂದ ಸಾರ್ವಜನಿಕ ಚರ್ಚೆ ತಾನಾಗಿಯೇ ಪ್ರಜಾಸತ್ತಾತ್ಮಕವಾಗಿದೆ ಎಂಬ ವಾದವನ್ನು ವಿದ್ಯಾವಂತರೂ ತಲೆದೂಗಿ ಒಪ್ಪಿಬಿಡುತ್ತಾರೆ. ಆದರೆ ಸಾವಿರ ಮಂದಿ ಬರೆದರೂ ಓದುಗರ ಕಣ್ಣಿಗೆ ಬೀಳುವುದು ಮೇಲಿನ ಕೆಲವೇ ಮಾತುಗಳು. ಅವುಗಳನ್ನು ಮೇಲಕ್ಕೆ ತರುವವರೂ ಜನರೇ ಅಲ್ಲವೇ ಎನ್ನುವವರು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು.

ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಎಂಬ ಸಂಶೋಧಕರು 14,000ಕ್ಕೂ ಹೆಚ್ಚು ಜನರ ಮುಂದೆ ಹೆಸರು ಮಾಡದ ತಂಡಗಳ 48 ಹಾಡುಗಳನ್ನಿಟ್ಟು, ಮೆಚ್ಚಿದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರು. ಒಂದು ಗುಂಪಿನವರಿಗೆ ಇತರರ ಆಯ್ಕೆ ಏನೆಂಬುದು ಕಾಣುತ್ತಿರಲಿಲ್ಲ. ಬೇರೆ ಎಂಟು ಗುಂಪುಗಳಲ್ಲಿ ಮಾತ್ರ, ಆಯಾ ಗುಂಪಿನಲ್ಲಿ ಯಾವ ಹಾಡು ಎಷ್ಟು ಬಾರಿ ಡೌನ್‌ಲೋಡ್ ಆಗಿದೆ ಎಂಬ ಸಂಖ್ಯೆಯನ್ನು ತೋರಿಸಲಾಗುತ್ತಿತ್ತು. ಸಂಖ್ಯೆ ಕಾಣದ ಗುಂಪಿನಲ್ಲಿ 26ನೇ ಸ್ಥಾನ ಪಡೆದಿದ್ದ ಹಾಡೊಂದು, ಈ ಎಂಟರಲ್ಲಿ ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ತೀರಾ ಒಳ್ಳೆಯ ಹಾಡು ಪಾತಾಳಕ್ಕಿಳಿಯಲಿಲ್ಲ, ತೀರಾ ಕಳಪೆಯದು ಶಿಖರಕ್ಕೇರಲಿಲ್ಲ ಎಂಬುದು ನಿಜ. ಆದರೆ ನಡುವಿನವುಗಳ ಹಣೆಬರಹವನ್ನು ಬರೆದದ್ದು ಮೊದಲು ಬಂದವರ ಆಯ್ಕೆ. ಸಂತೆಯಲ್ಲಿ ಜನ ಮುತ್ತಿದ ಅಂಗಡಿಗೇ ಮತ್ತಷ್ಟು ಜನ ನುಗ್ಗುವ ಹಾಗೆ, ಆರಂಭದ ಅಲ್ಪ ವ್ಯತ್ಯಾಸವೇ ತನ್ನನ್ನು ತಾನು ಬೆಳೆಸಿಕೊಳ್ಳುತ್ತದೆ. ಈ ಗಣಿತ ಹೊಸದೇನಲ್ಲ. ಜೀವಿಗಳ ಕೆಲವೇ ಕುಲಗಳಲ್ಲಿ (ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪುಗಳಲ್ಲಿ) ಹೇರಳ ಪ್ರಭೇದಗಳಿದ್ದು, ಉಳಿದ ಬಹುಪಾಲು ಕುಲಗಳಲ್ಲಿ ಒಂದೆರಡೇ ಇರುವುದೇಕೆ ಎಂಬುದನ್ನು ವಿವರಿಸಲು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1925ರಲ್ಲೇ ಇಂಥದೊಂದು ಮಾದರಿಯನ್ನು ರೂಪಿಸಿದ್ದರು.

ಹಾಡಿನ ಮಾತು ಬೇರೆ, ವಿಚಾರದ ಮಾತು ಬೇರೆ ಎನ್ನುವಂತೆಯೂ ಇಲ್ಲ. ಸುದ್ದಿಗಳ ಮೇಲಿನ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳನ್ನು ಬಳಸಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸಂಶೋಧಕರು ಕೆಲವು ಪ್ರತಿಕ್ರಿಯೆಗಳಿಗೆ, ಯಾವುದೆಂದು ನೋಡದೆ, ತಾವಾಗಿಯೇ ಒಂದೊಂದು ಮೆಚ್ಚುಗೆಯ ಮತ ಹಾಕಿದಾಗ ಅವುಗಳ ಅಂತಿಮ ಅಂಕ ಸರಾಸರಿ ಶೇ. 25ರಷ್ಟು ಹೆಚ್ಚಿತು. ಸ್ವಾರಸ್ಯವೆಂದರೆ, ಹಾಗೆಯೇ ಹಾಕಿದ ವಿರೋಧದ ಮತವನ್ನು ನಂತರದ ಓದುಗರು ಸರಿಪಡಿಸಿಬಿಟ್ಟರು. ಅನ್ಯಾಯವಾಗಿ ತೆಗಳಿದ್ದನ್ನು ಜನ ಗುರುತಿಸುತ್ತಾರೆ, ಅನ್ಯಾಯವಾಗಿ ಹೊಗಳಿದ್ದನ್ನು ಗುರುತಿಸುವುದಿಲ್ಲ. ಕೂಲಿ ಲೈಕುಗಳ ವ್ಯಾಪಾರ ನಿಂತಿರುವುದೇ ಈ ದೌರ್ಬಲ್ಯದ ಮೇಲೆ.

ಹಾಗಿದ್ದರೆ ಚರ್ಚೆ ನಡೆಸುವ ಯಂತ್ರವನ್ನೇ ಬೇರೆ ರೀತಿಯಲ್ಲಿ ಕಟ್ಟಬಹುದೇ? 2015ರಲ್ಲಿ ತೈವಾನಿನ ನಾಗರಿಕ ತಂತ್ರಜ್ಞರು ಊಬರ್ ಟ್ಯಾಕ್ಸಿಯ ನಿಯಮಗಳ ಚರ್ಚೆಗೆ ‘ಪೋಲಿಸ್’ (Pol.is) ಎಂಬ ತಂತ್ರಾಂಶವನ್ನು ಬಳಸಿದರು. ಅದರಲ್ಲಿ ಯಾರು ಬೇಕಾದರೂ ಒಂದು ಚಿಕ್ಕ ಹೇಳಿಕೆಯನ್ನು ಸೇರಿಸಬಹುದು. ಇತರರ ಹೇಳಿಕೆಗಳಿಗೆ ಒಪ್ಪಿಗೆ, ಅಸಮ್ಮತಿ ಅಥವಾ ‘ಮುಂದಕ್ಕೆ’ ಎಂದು ಒತ್ತಬಹುದು. ಮರುತ್ತರ ಕೊಡುವ ಗುಂಡಿಯೇ ಇಲ್ಲ, ಹಾಗಾಗಿ ಕಾಲು ಕೆರೆದು ಜಗಳ ತೆಗೆಯಲು ಜಾಗವಿಲ್ಲ. ಒಂದೇ ಬಗೆಯಲ್ಲಿ ಮತ ಹಾಕಿದವರನ್ನು ತಂತ್ರಾಂಶ ಗುಂಪುಗಳಾಗಿ ವಿಂಗಡಿಸುತ್ತದೆ. ಪರಸ್ಪರ ವಿರೋಧಿಸುವ ಗುಂಪುಗಳೆರಡೂ ಒಪ್ಪಿದ ಹೇಳಿಕೆಗಳನ್ನು ಎತ್ತಿ ತೋರಿಸುತ್ತದೆ. ಊಬರ್ ಪರ, ವಿರೋಧ ಎಂದು ಒಡೆದಿದ್ದವರು ಪ್ರಯಾಣಿಕರ ವಿಮೆಯಂಥ ವಿಷಯಗಳಲ್ಲಿ ಒಮ್ಮತದಲ್ಲಿದ್ದುದು ಹೊರಬಿದ್ದದ್ದು ಹೀಗೆ. ಆದರೆ ಅಲ್ಲಿನ ತೀರ್ಮಾನಗಳನ್ನು ಸರ್ಕಾರ ಪಾಲಿಸಲೇಬೇಕೆಂಬ ಕಾನೂನೇನೂ ಇರಲಿಲ್ಲ. ಯಾವುದನ್ನು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಸರ್ಕಾರದ ಇಚ್ಛೆಗೇ ಬಿಟ್ಟದ್ದಾಗಿತ್ತು.