ಅವೆನ್ಯೂ ರೋಡಿನ ಇತಿಹಾಸ ಬೇಕಂದ್ರೆ ಸೈಟು ಅಳೀರಿ

ಹಳೇ ಕಟ್ಟಡಗಳ ಕೆಲಸ ಮಾಡೋ ಆರ್ಕಿಟೆಕ್ಟ್ ಅಂದ್ರೆ ಜನ ಮೊದ್ಲು ಕೇಳೋದು "ಈ ಬಿಲ್ಡಿಂಗ್ ಎಷ್ಟು ವರ್ಷದ್ದು" ಅಂತ. ಬೆಂಗಳೂರಿನ ಅವೆನ್ಯೂ ರೋಡಲ್ಲಿ ಸೈಟ್ ಎಷ್ಟು ಹಳೇದು ಅಂತ ಕೇಳ್ಬೇಕು.

ಈ ರೋಡಿನ ಮೊದಲ ಹೆಸರು ದೊಡ್ಡಪೇಟೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸುವಾಗ ದೊಡ್ಡಪೇಟೆ ಚಿಕ್ಕಪೇಟೆ ಸೇರೋ ಚೌಕದಿಂದ ನಾಲ್ಕೂ ದಿಕ್ಕಿಗೆ ಎತ್ತು ಹೂಡಿ ಗೆರೆ ಎಳೆಸಿದ್ರು ಅಂತ ಐತಿಹ್ಯ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯ ಹಲಸೂರು ಗೇಟಿಂದ ನುಗ್ಗಿ ಪೇಟೆ ಹಿಡಿದಾಗಿನ ನಕ್ಷೆ ಇದೆ, ಅದನ್ನ ಇವತ್ತಿನ ಸ್ಯಾಟಲೈಟ್ ಚಿತ್ರದ ಪಕ್ಕ ಇಟ್ಟು ನೋಡಿ, ಪೇಟೆ ಸುತ್ತ ಇದ್ದ ಕಂದಕ ಮುಳ್ಳುಬೇಲಿ ಎಲ್ಲಾ ಹೋಗಿದೆ, ಯಲಹಂಕ ಗೇಟ್ ಇದ್ದ ಕಡೆ ಮೈಸೂರ್ ಬ್ಯಾಂಕ್ ಸರ್ಕಲ್ ಬಂದಿದೆ, ಆದ್ರೂ ಈ ಎರಡು ಬೀದಿ ಥಟ್ಟಂತ ಗುರುತು ಸಿಗ್ತವೆ.

ಈಗ ಟೇಪ್ ಹಿಡೀರಿ. ಅಂಗಡಿಗಳ ಮುಖ ಕಿರಿದು, ಒಳಗೆ ಹೋದಷ್ಟೂ ಉದ್ದ. ವ್ಯಾಪಾರಿಗೆ ಬೀದಿ ಮುಖವೇ ಮುಖ್ಯ ಅಲ್ವಾ, ಮುಂದೆ ಅಂಗಡಿ, ಹಿಂದೆ ಮೇಲೆ ಮನೆ, ಮಕ್ಕಳಿಗೆ ಪಾಲು ಮಾಡುವಾಗ ಇಬ್ರಿಗೂ ಬೀದಿ ಸಿಗ್ಲಿ ಅಂತ ಉದ್ದಕ್ಕೆ ಸೀಳ್ತಿದ್ರು. ಮುಂದೆ ಗಾಜು, ಫ್ಲೆಕ್ಸ್ ಬೋರ್ಡ್ ಏನೇ ಬರ್ಲಿ, ಅಕ್ಕಪಕ್ಕದ ಗೋಡೆ ನಿಂತಿರೋ ಗೆರೆ ಅಷ್ಟು ಸುಲಭಕ್ಕೆ ಬದಲಾಗಲ್ಲ.

ಇನ್ನೊಂದು ದೊಡ್ಡ ದಾಖಲೆ ಕ್ರಯಪತ್ರದ ಚಕ್ಕುಬಂದಿ, ಅಂದ್ರೆ ಸೈಟಿನ ನಾಲ್ಕೂ ದಿಕ್ಕಿನ ಗಡಿಯ ವಿವರ. ಪೂರ್ವಕ್ಕೆ ಇಂಥವರ ಅಂಗಡಿ, ದಕ್ಷಿಣಕ್ಕೆ ಇಂಥವರ ಮನೆ ಗೋಡೆ, ಪಶ್ಚಿಮಕ್ಕೆ ಗಲ್ಲಿ ಅಂತ ಬರೆದಿರುತ್ತಲ್ಲ, ಒಂದೇ ಸೈಟಿನ ಪತ್ರಗಳನ್ನ ಹಿಂದಕ್ಕೆ ಹಿಂದಕ್ಕೆ ಓದ್ತಾ ಹೋದ್ರೆ ಪಕ್ಕದ ಮನೆಗಳ ಕಥೆನೂ ಬಿಟ್ಟಿಯಾಗಿ ಸಿಗುತ್ತೆ, ಯಾವ ಮನೆ ಯಾವಾಗ ಗೋಡೌನ್ ಆಯ್ತು ಅನ್ನೋದು ಕೆಲವು ಸಲ ಅಲ್ಲೇ ಗೊತ್ತಾಗೋದು. 1898ರ ಪ್ಲೇಗ್ ನೆನಪಲ್ಲಿಟ್ಕೊಂಡು ಇವನ್ನ ಓದ್ಬೇಕು. ಇಕ್ಕಟ್ಟಿನ ಪೇಟೆಯಿಂದ ಅನುಕೂಲಸ್ಥರು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗೆ ಹೋದ್ರು, ಎಷ್ಟೋ ಜನರ ವ್ಯಾಪಾರ ಪೇಟೆಯಲ್ಲೇ ಉಳೀತು.

ನನಗೆ ನಿಜವಾಗ್ಲೂ ಭಯ ಇರೋದು ಎರಡ್ಮೂರು ಸೈಟ್ ಸೇರಿಸಿ ಕಾಂಪ್ಲೆಕ್ಸ್ ಕಟ್ಟೋದ್ರ ಬಗ್ಗೆ. ಹಳೇ ಬಾಗ್ಲು, ಕಂಬ ಹೋದ್ರೆ ಬೇಜಾರಾಗುತ್ತೆ ಸರಿ, ಆದ್ರೆ ನಡುವಿನ ಗೋಡೆನೇ ಹೋದ್ರೆ ಆ ಜಾಗ ಹೆಂಗೆ ಪಾಲಾಗಿತ್ತು ಅನ್ನೋದೇ ಅಳಿಸಿಹೋಗುತ್ತೆ. ಪೇಟೆಯಲ್ಲಿ ಹಳೇ ಆಸ್ತಿ ಇದ್ರೆ ದಯವಿಟ್ಟು ಕೆಡವೋ ಮುಂಚೆ ಒಂದು ಅಳತೆ ಪ್ಲಾನ್ ಬರೆಸಿ, ಗೋಡೆಗಳ ದಪ್ಪ ಕೂಡ ಗುರುತು ಹಾಕಿಸಿ, ಬೀರುವಲ್ಲಿರೋ ಹಳೇ ಪತ್ರಗಳನ್ನ ಹಿಂದೆಮುಂದೆ ಎರಡೂ ಕಡೆ ಸ್ಕ್ಯಾನ್ ಮಾಡ್ಸಿ ಇಟ್ಕೊಳ್ಳಿ.